ಪಂಜರದ ಗಿಳಿ, ಹೊಸ್ತಿಲ ಬೆಕ್ಕು

ಹಿಮಾಯತ್‌ನಗರದಲ್ಲಿ ನಾವಿರುವ ಕಟ್ಟಡದ ಎರಡನೆಯ ಮಹಡಿಯಲ್ಲಿ ಕಲಬುರಗಿ ಸೀಮೆಯ ಒಂದು ಕುಟುಂಬವಿತ್ತು. ಆ ಮನೆಯ ಹಿರಿಯರನ್ನು ಕಟ್ಟಡದ ಕನ್ನಡಿಗರೆಲ್ಲ ಆಯಿ ಎಂದೇ ಕರೆಯುತ್ತಿದ್ದೆವು. ಅವರ ಬಾಲ್ಕನಿಯ ಕೊಕ್ಕೆಗೆ ತೂಗುಹಾಕಿದ್ದ ತಂತಿಯ ಪಂಜರದಲ್ಲಿ ಒಂದು ಗಿಳಿ ಇತ್ತು. ಹೆಸರು ಮಿಠ್ಠೂ. ಈ ನಗರದ ಸಾಕುಗಿಳಿಗಳಿಗೆ ಬಹುಮಟ್ಟಿಗೆ ಅದೇ ಹೆಸರು. ಆದರೆ ಈ ಮಿಠ್ಠೂ ಕನ್ನಡ ಮಾತನಾಡುತ್ತಿತ್ತು. ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳ ಕೇಳಿದೊಡನೆ "ಯಾರ ಬಂದಾರ ನೋಡವ್ವಾ" ಎಂದು ಆಯಿಯ ಧ್ವನಿಯಲ್ಲೇ ಕೂಗುತ್ತಿತ್ತು. ಕಚೇರಿಯಲ್ಲಿ ಹಿಂದಿ ಮತ್ತು ಇಂಗ್ಲಿಷು, ಬೀದಿಯಲ್ಲಿ ತೆಲುಗು ಮತ್ತು ದಖನಿ ಕೇಳಿ ದಣಿದು ಬರುವ ನನಗೆ ದಿನದ ಮೊದಲ ಕನ್ನಡ ಮಾತು ಎಷ್ಟೋ ಸಂಜೆ ಆ ಗಿಳಿಯಿಂದಲೇ ದೊರೆಯುತ್ತಿತ್ತು.

ಆಯಿ ಹೋದ ವರ್ಷ ತೀರಿಕೊಂಡರು. ಮಗನ ಸಂಸಾರ ಬೇರೆ ಊರಿಗೆ ಹೊರಟಿತು. ಹೊರಡುವ ಹಿಂದಿನ ದಿನ ಅವರು ಪಂಜರವನ್ನು ತಂದು ನಮ್ಮ ಬಾಗಿಲಲ್ಲಿಟ್ಟು, "ಕನ್ನಡದವರ ಮನ್ಯಾಗೇ ಇರ್ಲಿ ಅಂತ ಅವ್ವ ಅಂದಿದ್ಲು ಸರ್" ಎಂದರು. ಬೇಡವೆನ್ನಲು ಬಾಯಿ ಬರಲಿಲ್ಲ. ನಮ್ಮ ನಾಡಿನ ಗಿಳಿಯನ್ನು ಹೀಗೆ ಮನೆಯಲ್ಲಿಟ್ಟುಕೊಳ್ಳುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂಬುದು ಸರ್ಕಾರಿ ನೌಕರನಾದ ನನಗೆ ತಿಳಿಯದ ಸಂಗತಿಯೇನಲ್ಲ. ಆದರೂ ಪಂಜರವನ್ನು ಒಳಗೆ ತಂದೆ. ಅದೇ ವಾರ ಮೆಟ್ಟಿಲ ಕೆಳಗೆ, ಕರೆಂಟಿನ ಮೀಟರುಗಳ ಹಿಂದೆ, ಬೂದು ಬಣ್ಣದ ಬೆಕ್ಕೊಂದು ಮೂರು ಮರಿ ಹಾಕಿತ್ತು. ಅಮ್ಮ ಅದಕ್ಕೆ ದಿನವೂ ಹಾಲನ್ನ ಇಡತೊಡಗಿದರು. ಹೀಗೆ ಒಂದೇ ಮನೆಗೆ ಎರಡು ಬಗೆಯ ಜೀವಗಳು ಗಂಟುಬಿದ್ದವು. ಒಂದು ಹೊರಗೆ ಹೋಗಲಾರದ್ದು, ಇನ್ನೊಂದು ಪೂರ್ತಿಯಾಗಿ ಒಳಗೆ ಬಾರದ್ದು. ಇವುಗಳನ್ನು ನೋಡಿಕೊಳ್ಳುವುದು ಹೇಗೆಂದು ಓದತೊಡಗಿದವನು, ನಮ್ಮವರು ಇವುಗಳನ್ನು ಇದುವರೆಗೆ ಹೇಗೆ ನೋಡಿಕೊಂಡರು ಎಂಬ ಚರಿತ್ರೆಯೊಳಗೆ ಇಳಿದೆ. ಈ ಲೇಖನ ಆ ಓದಿನ ಫಲ.

ಗಿಳಿಯ ವಿಷಯದಲ್ಲಿ ನಮ್ಮ ಸಾಹಿತ್ಯ ಒಂದು ಅಪರೂಪದ ಸಾಕ್ಷ್ಯವನ್ನು ಉಳಿಸಿಕೊಂಡಿದೆ. ಏಳನೆಯ ಶತಮಾನದ ಬಾಣಭಟ್ಟನ ‘ಕಾದಂಬರಿ’ಯನ್ನು ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ಕನ್ನಡದ ಚಂಪುವಾಗಿಸಿದ. ಚಂದ್ರಾಪೀಡ, ಕಾದಂಬರಿಯರ ಪ್ರಣಯವೆಂದೇ ನಾವು ನೆನೆಯುವ ಆ ಕೃತಿ ಆರಂಭವಾಗುವುದು ಒಂದು ಪಂಜರದಿಂದ. ಚಂಡಾಲ ಕನ್ಯೆಯೊಬ್ಬಳು ಶೂದ್ರಕ ರಾಜನ ಆಸ್ಥಾನಕ್ಕೆ ಚಿನ್ನದ ಪಂಜರದಲ್ಲಿ ಗಿಳಿಯೊಂದನ್ನು ತರಿಸುತ್ತಾಳೆ. ಸಕಲ ಕಲೆಗಳನ್ನೂ ಬಲ್ಲ ಆ ಗಿಳಿಯನ್ನು ಕಂಡು ಬೆರಗಾದ ರಾಜ, ನೀನು ಪಂಜರಕ್ಕೆ ಬಿದ್ದದ್ದು ಹೇಗೆಂದು ಕೇಳುತ್ತಾನೆ. ಗಿಳಿ ತನ್ನ ಕಥೆಯನ್ನು ಹೇಳುತ್ತದೆ. ಕಾಡಿನ ಬೂರುಗದ ಮರದ ಪೊಟರೆಯಲ್ಲಿ ತಾನು ಹುಟ್ಟಿದ್ದು, ಬೇಟೆಯ ದಂಡು ಹಾದುಹೋದ ಮೇಲೆ ಹಿಂದುಳಿದ ಮುದಿ ಬೇಡನೊಬ್ಬ ಮರವೇರಿ, ಗೂಡುಗೂಡಿಗೂ ಕೈಹಾಕಿ, ರೆಕ್ಕೆ ಬಲಿಯದ ಮರಿಗಳನ್ನು ಹಿಚುಕಿ ಕೆಳಗೆಸೆದದ್ದು, ತನ್ನನ್ನು ರೆಕ್ಕೆಯೊಳಗೆ ಮುಚ್ಚಿಕೊಂಡಿದ್ದ ಮುದಿ ತಂದೆ ಸತ್ತದ್ದು, ತಂದೆಯ ಹೆಣದ ಜೊತೆಗೆ ತರಗೆಲೆಯ ರಾಶಿಯ ಮೇಲೆ ಬಿದ್ದು ತಾನು ಬದುಕಿ ಉಳಿದದ್ದು.

ಕಾವ್ಯವಾಗಿ ಓದಿದಾಗ ಇದು ಕರುಣರಸದ ಒಂದು ಸನ್ನಿವೇಶ. ಪಂಜರವನ್ನು ಮನೆಗೆ ತಂದಮೇಲೆ ಓದಿದಾಗ ಅದು ಬೇರೆಯೇ ಆಗಿ ಕಂಡಿತು. ಸಾಕುಗಿಳಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಸಾವಿರ ವರ್ಷಗಳ ಹಿಂದೆಯೇ ಕನ್ನಡದಲ್ಲಿ ದಾಖಲಾದ ಉತ್ತರ ಅದು. ಇಂದಿಗೂ ಬೀದಿಯಲ್ಲಿ ಕದ್ದು ಮಾರುವ ಗಿಳಿಮರಿಗಳು ಬರುವುದು ಹಾಗೆಯೇ. ಚಳಿ ಇಳಿದು ಬೇಸಿಗೆ ಏರುವ ತಿಂಗಳುಗಳಲ್ಲಿ ಮರದ ಪೊಟರೆಗಳಿಗೆ ಕೈಹಾಕಿ ಮರಿಗಳನ್ನು ತೆಗೆಯುತ್ತಾರೆ. ಅವುಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತವೆ. ಉಳಿದವುಗಳ ರೆಕ್ಕೆಯ ಗರಿ ಕತ್ತರಿಸಿ ಪಂಜರಕ್ಕೆ ಹಾಕುತ್ತಾರೆ. ಆಯಿಯ ಮಿಠ್ಠೂವಿಗೂ ಇಂಥದೊಂದು ಮರವಿದ್ದಿರಬೇಕು. ಅದನ್ನು ಹೇಳಲು ನಾವು ಅದಕ್ಕೆ ಮಾತು ಕಲಿಸಿರಲಿಲ್ಲ. ನಾವು ಕಲಿಸಿದ್ದು ನಮ್ಮ ಮಾತನ್ನು.

ಗಿಳಿಯನ್ನು ನಮ್ಮವರು ಪ್ರೀತಿಸಿದ್ದೇ ಹೀಗೆ. ವಾತ್ಸ್ಯಾಯನ ಹೇಳುವ ಅರವತ್ತನಾಲ್ಕು ಕಲೆಗಳಲ್ಲಿ ಗಿಳಿ ಮತ್ತು ಸಾರಿಕೆಗಳಿಗೆ ಮಾತು ಕಲಿಸುವುದೂ ಒಂದು. ಶಂಕರರು ಮಂಡನಮಿಶ್ರನ ಮನೆಯನ್ನು ಹುಡುಕಿಕೊಂಡು ಹೋದಾಗ ಸಿಕ್ಕ ಗುರುತೇನೆಂದರೆ, ಆ ಬಾಗಿಲಲ್ಲಿ ಪಂಜರದ ಹಕ್ಕಿಗಳೇ ವೇದಪ್ರಾಮಾಣ್ಯದ ಚರ್ಚೆ ನಡೆಸುತ್ತಿದ್ದವಂತೆ. ಎಪ್ಪತ್ತು ರಾತ್ರಿ ಕಥೆ ಹೇಳಿ ಮನೆಯೊಡತಿಯನ್ನು ಹೊಸ್ತಿಲು ದಾಟದಂತೆ ತಡೆದ ಗಿಳಿಯ ಸಂಸ್ಕೃತ ‘ಶುಕಸಪ್ತತಿ’ಯ ಕಥೆಗಳು ಹದಿನಾಲ್ಕನೆಯ ಶತಮಾನದಲ್ಲಿ ನಖ್‌ಶಬಿಯ ಕೈಯಲ್ಲಿ ಪಾರಸಿಯ ‘ತೂತಿನಾಮಾ’ ಆದವು. 1639ರಲ್ಲಿ ಗೋಲ್ಕೊಂಡದ ಕವಿ ಗವ್ವಾಸಿ ಅದನ್ನು ದಖನಿಗೆ ತಂದ. ನಮ್ಮ ಮನೆಯಿಂದ ಒಂದು ಗಂಟೆಯೊಳಗೆ ತಲುಪಬಹುದಾದ ಆ ಕೋಟೆಯ ನೆರಳಲ್ಲಿ ಗಿಳಿ ಹೀಗೆ ಮನೆತನದ ಮಾನ ಕಾಯುವ ಕಥೆಗಾರನಾಗಿ ನೆಲೆನಿಂತಿತು. ಆದರೆ ಈ ಗಿಳಿಗಳು ಓದಿದ್ದು ನಾವು ಓದಿಸಿದ್ದನ್ನು. ಇಷ್ಟೆಲ್ಲ ಓದಿದ ಗಿಳಿ ತನ್ನನ್ನು ಕೊಲ್ಲಬರುವ ಬೆಕ್ಕನ್ನು ಮುಂಗಾಣಲಾರದಲ್ಲ ಎಂಬ ಮಾತನ್ನು ಬಸವಣ್ಣನವರು ಬರಿಯ ಓದಿನ ವ್ಯರ್ಥತೆಗೆ ಹೋಲಿಕೆಯಾಗಿ ಬಳಸಿದರು. ಆ ಹೋಲಿಕೆಯಲ್ಲಿ ಹಕ್ಕಿಯ ಪಾಡೂ ಇದೆ ಎಂದು ನನಗೀಗ ತೋರುತ್ತದೆ. ಬೆಕ್ಕು ಬಂದರೆ ಹಾರಿಹೋಗಬೇಕಾದ ಪ್ರಾಣಿಗೆ ಹಾರುವ ದಾರಿಯನ್ನು ಮುಚ್ಚಿ ಓದು ಕಲಿಸಿದವರು ನಾವಲ್ಲವೆ?

ಊರಿನ ಹೊಲಗಳಲ್ಲಿ ಇದೇ ಗಿಳಿಯ ಮಾತೇ ಬೇರೆ. ಜೋಳ ಹಾಲುಗಟ್ಟುವ ಕಾಲಕ್ಕೆ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿ ಗಿಳಿಹಿಂಡನ್ನು ಓಡಿಸಿದ ನೆನಪು ಬೀದರ, ಕಲಬುರಗಿ, ರಾಯಚೂರಿನ ಹಿರಿಯರಿಗೆಲ್ಲ ಇದೆ. ಹೊಲದಲ್ಲಿ ಕಲ್ಲು, ಅಂಗಳದಲ್ಲಿ ಹಸಿಮೆಣಸಿನಕಾಯಿ. ಹಿಂಡಿನಲ್ಲಿದ್ದರೆ ವೈರಿ, ಒಂಟಿಯಾಗಿ ಸೆರೆಸಿಕ್ಕರೆ ಮುದ್ದು. ಗಿಳಿ ಹಿಂಡಿನಲ್ಲಿ ಬಾಳುವ ಹಕ್ಕಿ. ಅದು ನಮ್ಮ ಮಾತನ್ನು ಕಲಿಯುವುದೇ ತನ್ನ ಹಿಂಡಿನೊಡನೆ ಬೆರೆಯುವ ಸ್ವಭಾವದಿಂದ. ಬೇರೆ ಗಿಳಿ ಸಿಕ್ಕದ ಪಂಜರದಲ್ಲಿ ಮನೆಯವರೇ ಅದರ ಹಿಂಡು. "ಯಾರ ಬಂದಾರ ನೋಡವ್ವಾ" ಎಂಬ ಕೂಗು ನನಗೆ ಕನ್ನಡವಾಗಿ ಕೇಳಿಸುತ್ತಿತ್ತು. ಹಕ್ಕಿಗೆ ಅದು ಹಿಂಡನ್ನು ಕರೆಯುವ ಕೂಗಾಗಿತ್ತು.

ಇನ್ನು ಅರಮನೆಯ ಕಡೆ ನೋಡೋಣ. ಹೈದರಾಬಾದಿನಿಂದ ಮುಂಬೈ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಜಹೀರಾಬಾದು, ಹುಮನಾಬಾದು ದಾಟಿ ಬಸವಕಲ್ಯಾಣದ ದಾರಿ ಸಿಗುತ್ತದೆ. 1956ರವರೆಗೆ ಅದೂ ನಾವೂ ಒಂದೇ ಹೈದರಾಬಾದ್ ರಾಜ್ಯ. ಅಲ್ಲಿಂದ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ಅಡುಗೆಯಿಂದ ಆನೆಯವರೆಗೆ ಅರಸನ ಬದುಕಿನ ಸಮಸ್ತವನ್ನೂ ನೂರು ಅಧ್ಯಾಯಗಳಲ್ಲಿ ಹೇಳುವ ಆ ಗ್ರಂಥದ ವಿನೋದ ಪ್ರಕರಣದಲ್ಲಿ ಕೋಳಿಯ ಕಾಳಗ, ಲಾವಕ್ಕಿಯ ಕಾಳಗ, ಪಾರಿವಾಳದ ವಿನೋದ, ನಾಯಿಯ ವಿನೋದ, ಗಿಡುಗ ಬಿಟ್ಟು ಆಡುವ ಬೇಟೆ ಎಲ್ಲಕ್ಕೂ ಜಾಗವಿದೆ. ಹಕ್ಕಿಗಳು ಇಲ್ಲಿ ಇರುವುದು ಕಾದಾಡುವುದಕ್ಕೆ, ಬೇಟೆಯಾಡುವುದಕ್ಕೆ, ನೋಡಿ ಆನಂದಿಸುವುದಕ್ಕೆ. ಬೆಕ್ಕಿಗೆಂದು ಒಂದು ವಿನೋದವಿಲ್ಲ.

ಕನ್ನಡದ ಪಶುವೈದ್ಯ ಗ್ರಂಥಗಳನ್ನು ನೋಡಿದರೂ ಇದೇ ಕಥೆ. ಚಾಲುಕ್ಯ ಮನೆತನದ ಕೀರ್ತಿವರ್ಮ ‘ಗೋವೈದ್ಯ’ವನ್ನು ಬರೆದ, ಅಭಿನವಚಂದ್ರ ‘ಅಶ್ವವೈದ್ಯ’ವನ್ನು ಬರೆದ. ಸಂಸ್ಕೃತದಲ್ಲಿ ಪಾಲಕಾಪ್ಯನ ಹೆಸರಿನ ‘ಹಸ್ತ್ಯಾಯುರ್ವೇದ’ವಿದೆ. ಉಳುವ ಎತ್ತು, ಯುದ್ಧದ ಕುದುರೆ, ಅರಸನ ಆನೆ ಇವುಗಳಿಗೆ ವೈದ್ಯಶಾಸ್ತ್ರ ಹುಟ್ಟಿತು. ಆಧುನಿಕ ಕಾಲದಲ್ಲಿಯೂ ಈ ಕ್ರಮ ಬಹಳ ಬದಲಾಗಲಿಲ್ಲ. 1889ರಲ್ಲಿ ಪುಣೆಯಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ ಆರಂಭವಾದದ್ದು ಮುಖ್ಯವಾಗಿ ದನಗಳ ರೋಗಗಳಿಗಾಗಿ. 1958ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ತೆರೆದಾಗಲೂ ಹೈನು ಮತ್ತು ಕೃಷಿಯೇ ಅದರ ಮುಂದಿದ್ದ ದೊಡ್ಡ ಕೆಲಸ. ‘ಪಶು’ ಎಂಬ ಮಾತಿನಲ್ಲಿಯೇ ದನ ಮುಂದೆ ನಿಲ್ಲುತ್ತದೆ. ಗಿಳಿಯನ್ನೋ ಬೆಕ್ಕನ್ನೋ ಕೈಯಲ್ಲೆತ್ತಿಕೊಂಡು ಆಸ್ಪತ್ರೆಗೆ ಹೋಗುವುದು ನಮ್ಮ ಅಜ್ಜಂದಿರಿಗೆ ನಗೆಯ ವಿಷಯವಾಗಿತ್ತೆಂದರೆ ಅದಕ್ಕೆ ಅವರ ಕಠೋರತೆ ಕಾರಣವಲ್ಲ. ಅಂಥ ವೈದ್ಯವೇ ಅವರ ಪಾಲಿಗೆ ಇರಲಿಲ್ಲ.

ಆಸ್ಪತ್ರೆ ಇಲ್ಲದಿದ್ದರೂ ಅಂಗಡಿ ಇತ್ತು. 1670ರ ದಶಕದಲ್ಲಿ ಸೂರತ್ತಿನಲ್ಲಿದ್ದ ಇಂಗ್ಲಿಷ್ ವೈದ್ಯ ಜಾನ್ ಫ್ರೈಯರ್, ಅಹಮದಾಬಾದಿನಿಂದ ಬರುವ ಕೆಂಪು ಬಿಳಿ ಚುಕ್ಕೆಯ ಪುಟ್ಟ ಹಕ್ಕಿಗಳನ್ನು ಪಂಜರಕ್ಕೆ ಐವತ್ತರಂತೆ ಇಟ್ಟು ಹಾಡು ಕೇಳುತ್ತಿದ್ದುದನ್ನು ಬರೆದಿದ್ದಾನೆ. ಅವು ನಮ್ಮ ಕೆಂಪು ರಾಟವಾಳ, ಪೇಟೆಯ ಮಾತಿನಲ್ಲಿ ಲಾಲ್ ಮುನಿಯಾ. ಅದರ ಶಾಸ್ತ್ರೀಯ ಹೆಸರಾದ ‘ಅಮಂಡಾವ’ ಎಂಬುದೇ ಅಹಮದಾಬಾದ್ ಎಂಬ ಊರ ಹೆಸರಿನ ಅಪಭ್ರಂಶ. ಒಂದು ಹಕ್ಕಿಗೆ ಅದು ಹಾರುವ ಹುಲ್ಲುಗಾವಲಿನ ಹೆಸರು ಬಾರದೆ, ಅದನ್ನು ಮಾರಿದ ಪೇಟೆಯ ಹೆಸರು ಬಂದಿದೆ. ಹೈದರಾಬಾದಿಗೂ ಇಂಥ ಪೇಟೆ ಇದೆ. ಚಾರ್ಮಿನಾರಿನ ಹತ್ತಿರ, ಗಡಿಯಾರದ ಗೋಪುರವಿರುವ ಮಹಬೂಬ್ ಚೌಕದ ಪಕ್ಕದ ಕೋಳಿ ಹಕ್ಕಿಗಳ ಸಂತೆಯನ್ನು ಜನ ಮುರ್ಗಿ ಚೌಕ್ ಎಂದೇ ಕರೆಯುತ್ತಾರೆ. ಅಲ್ಲಿಂದ ಸ್ವಲ್ಪ ದೂರದ ಹುಸೇನಿ ಆಲಂನಲ್ಲಿ ಹಳೆಯ ಕಬೂತರ್ ಖಾನಾ ಇದೆ. ಒಂದೇ ಪೇಟೆಯ ಆಸುಪಾಸಿನಲ್ಲಿ ಹಕ್ಕಿಗೆ ಬೆಲೆ ಕಟ್ಟುವವರೂ ಇದ್ದಾರೆ, ಕಾಳು ಚೆಲ್ಲಿ ಹೋಗುವವರೂ ಇದ್ದಾರೆ. ಬಂದರೆ ಬಾ, ಹೋದರೆ ಹೋಗು ಎಂಬಂತೆ ಪಾರಿವಾಳಕ್ಕೆ ಕಾಳು ಹಾಕುವ ಆ ಎರಡನೆಯ ಪದ್ಧತಿಯನ್ನು ನಾವು ಗಿಳಿಗೆ ವಿಸ್ತರಿಸಲಿಲ್ಲ.

ಬೆಕ್ಕಿನ ಚರಿತ್ರೆ ಇದಕ್ಕೆ ತೀರ ವಿರುದ್ಧ. ಅದನ್ನು ಯಾರೂ ಹಿಡಿದು ತರಲಿಲ್ಲ. ಪಶ್ಚಿಮ ಏಷ್ಯಾದ ಮೊದಲ ರೈತರ ಕಣಜಕ್ಕೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತಿರುವುದು 2004ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಬೆಕ್ಕಿಗೆ ಅಷ್ಟು ಗೌರವ ಸಿಗಲಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವುದು, ಹೊರಟಾಗ ಅಡ್ಡ ಬರುವುದು, ಇಲಿಯ ಪ್ರಾಣಸಂಕಟದಲ್ಲಿ ಚೆಲ್ಲಾಟವಾಡುವುದು, ಗಾದೆಗಳಲ್ಲಿ ಅದಕ್ಕೆ ಸಿಕ್ಕ ಪಾತ್ರಗಳು ಇವು. ಮಹಾಬಲಿಪುರದ ಏಳನೆಯ ಶತಮಾನದ ದೊಡ್ಡ ಬಂಡೆಯ ಮೇಲೆ ಕೈಯೆತ್ತಿ ತಪಸ್ಸಿಗೆ ನಿಂತ ಬೆಕ್ಕು, ಸುತ್ತ ಇಲಿಗಳು, ಕಪಟ ಸನ್ಯಾಸಿಯ ಶಾಶ್ವತ ಚಿತ್ರ. ಹೈದರಾಬಾದಿನ ಹಳೆಯ ಮೊಹಲ್ಲಾಗಳಲ್ಲಿ ಮಾತ್ರ ಬೆಕ್ಕಿಗೆ ಒಳಕೋಣೆಯವರೆಗೆ ದಾರಿಯಿದೆ. ಇಸ್ಲಾಮಿನ ಸಂಪ್ರದಾಯ ಅದನ್ನು ಶುಚಿಯಾದ ಪ್ರಾಣಿಯೆಂದೇ ಎಣಿಸಿದೆ.

ಬೆಕ್ಕನ್ನು ರಾಜ್ಯವೇ ಹಂಚಿದ ಒಂದು ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ವಿಜಯನಗರದಲ್ಲಿ ಇಲಿಗಳ ಕಾಟ ಹೆಚ್ಚಾದಾಗ ಕೃಷ್ಣದೇವರಾಯ ಮನೆಗೊಂದು ಬೆಕ್ಕನ್ನೂ ಅದಕ್ಕೆ ಹಾಲೂಡಿಸಲು ಹಸುವನ್ನೂ ಕೊಟ್ಟನಂತೆ. ತೆನಾಲಿ ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟು ಬೆಕ್ಕಿನ ಬಾಯಿ ಸುಟ್ಟ. ಆಮೇಲೆ ಅದು ಹಾಲು ಕಂಡರೆ ಓಡುತ್ತಿತ್ತು, ಹಾಲನ್ನೆಲ್ಲ ಮನೆಯವರು ಕುಡಿದರು. ನಾವು ನಕ್ಕ ಈ ಕಥೆಯಲ್ಲಿ ಬಾಯಿ ಸುಟ್ಟುಕೊಂಡದ್ದು ಯಾರೆಂದು ಕೇಳಿಕೊಂಡವರು ಕಡಿಮೆ. ಕಥೆಗೆ ಹತ್ತಿರದ ಚರಿತ್ರೆಯೂ ಇದೆ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರನ್ನು ಹೊಕ್ಕಿತು, 1911ರ ಹೊತ್ತಿಗೆ ಹೈದರಾಬಾದನ್ನೂ ಹಿಡಿಯಿತು. ಇಲಿ ಬಿತ್ತೆಂದರೆ ಊರು ಬಿಡುತ್ತಿದ್ದ ಕಾಲ ಅದು. 1908ರಲ್ಲಿ ಬುಕಾನನ್ ಎಂಬ ಇಂಡಿಯನ್ ಮೆಡಿಕಲ್ ಸರ್ವಿಸಿನ ವೈದ್ಯಾಧಿಕಾರಿ, ಬೆಕ್ಕುಗಳು ಪ್ಲೇಗನ್ನು ತಡೆಯುತ್ತವೆ ಎಂಬ ವಾದವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟಿಸಿದ. ಬೆಕ್ಕು ಹೆಚ್ಚಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆ ಎಂಬುದು ಅವನ ತಿಳಿವು. ಬೆಕ್ಕಿಗೂ ಪ್ಲೇಗು ಅಂಟುತ್ತದೆ, ಅದರಿಂದ ಮನುಷ್ಯನಿಗೂ ಹರಡಬಹುದು ಎಂಬುದನ್ನು ಇಂದಿನ ವಿಜ್ಞಾನ ಬಲ್ಲದು. ಆದರೆ ಗಮನಿಸಬೇಕಾದ್ದು ಇಷ್ಟು. ಬೆಕ್ಕಿನ ಬಗ್ಗೆ ಆಳುವವರು ಯೋಚಿಸಿದ್ದು ಅದು ಇಲಿ ಹಿಡಿಯುತ್ತದೆಂಬ ಒಂದೇ ಕಾರಣಕ್ಕೆ.

ಆ ಕಾರಣವೇ ಬೆಕ್ಕನ್ನು ಕಾಪಾಡಿತ್ತೆಂಬುದು ಇನ್ನೂ ತಡವಾಗಿ ತಿಳಿಯಿತು. ಬೆಕ್ಕು ಮಾಂಸವಿಲ್ಲದೆ ಬಾಳಲಾರದ ಪ್ರಾಣಿ. ಮಾಂಸದಲ್ಲಿರುವ ಟಾರೀನ್ ಎಂಬ ಪೋಷಕಾಂಶ ಸಿಗದಿದ್ದರೆ ಅದರ ಕಣ್ಣು ಕೆಡುತ್ತದೆಂಬುದು 1975ರಲ್ಲಿಯೂ, ಹೃದಯ ಹಿಗ್ಗಿ ಸೋಲುತ್ತದೆಂಬುದು 1987ರಲ್ಲಿಯೂ ಸ್ಪಷ್ಟವಾಯಿತು. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗುವುದಿಲ್ಲ. ಹಾಲನ್ನ ತಿಂದು ಹಳ್ಳಿಯ ಬೆಕ್ಕು ಚೆನ್ನಾಗಿತ್ತೆಂದರೆ ಅದಕ್ಕೆ ಕಾರಣ ನಾವಿಟ್ಟ ಹಾಲನ್ನವಲ್ಲ, ಅದು ನಮಗೆ ಕಾಣದೆ ತಿಂದ ಇಲಿ. ಇಲಿ ಇಲ್ಲದ ಮೂರನೆಯ ಮಹಡಿಯಲ್ಲಿ ಬಾಗಿಲು ಮುಚ್ಚಿ ಮೊಸರನ್ನದ ಮೇಲೆ ಬೆಕ್ಕನ್ನು ಸಾಕಿದರೆ ಅದು ಪ್ರೀತಿಯಿಂದಲೇ ಕುರುಡಾಗಬಹುದು. ಇದನ್ನು ಅಮ್ಮನಿಗೆ ಹೇಳಿದಾಗ, "ಬೆಕ್ಕಿಗೆ ಹಾಲು ಆಗೋದಿಲ್ಲ ಅಂದ್ರೆ ಯಾರೋ ನಂಬ್ತಾರೆ?" ಎಂದು ನಕ್ಕರು. ಮರಿಗಳಿಗೆ ಭೇದಿ ಹತ್ತಿದ ದಿನ ನಗಲಿಲ್ಲ. ಸಸ್ಯಾಹಾರದ ನಮ್ಮ ಅಡುಗೆಮನೆಯಿಂದ ದೂರ, ಬಾಲ್ಕನಿಯ ಮೂಲೆಯಲ್ಲಿ, ಬೆಕ್ಕಿನ ಆಹಾರದ ಪೊಟ್ಟಣಕ್ಕೆ ಒಂದು ಡಬ್ಬಿ ಬಂತು. ಎಪ್ಪತ್ತು ದಾಟಿದ ಅಮ್ಮ ಮೂಗಿಗೆ ಸೆರಗು ಹಿಡಿದು ಅದನ್ನು ಬಡಿಸುವುದನ್ನು ಕಂಡಾಗ, ಒಂದು ಪ್ರಾಣಿಗೆ ಬೇಕಾದದ್ದನ್ನು ಅದರ ಕಡೆಯಿಂದ ಯೋಚಿಸುವುದೆಂದರೆ ಇದೇ ಇರಬೇಕು ಎನಿಸಿತು.

ಕಾನೂನು ಈ ದಿಕ್ಕಿಗೆ ತಿರುಗಿದ್ದು ನಿಧಾನವಾಗಿ. ಪ್ರಾಣಿಹಿಂಸೆ ತಡೆಯುವ 1890ರ ಬ್ರಿಟಿಷ್ ಕಾಯ್ದೆ ದುರ್ಬಲವಾಗಿತ್ತು. ನಾಟ್ಯಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಮೇಲೆ ಖಾಸಗಿ ಮಸೂದೆಯೊಂದನ್ನು ತಂದರು. ಅದರ ಫಲವಾಗಿ ಬಂದದ್ದು 1960ರ ಪ್ರಾಣಿಹಿಂಸಾ ತಡೆ ಕಾಯ್ದೆ. 1962ರಲ್ಲಿ ರಚನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಪ್ರಾಣಿಯು ಸಾಕಷ್ಟು ಅಲುಗಾಡಲಾರದಷ್ಟು ಕಿರಿದಾದ ಪಂಜರದಲ್ಲಿಡುವುದು ಆ ಕಾಯ್ದೆಯ ಹನ್ನೊಂದನೆಯ ಕಲಮಿನಡಿ ಅಪರಾಧ. 1972ರ ವನ್ಯಜೀವಿ ಕಾಯ್ದೆ, ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿ ಸೇರಿ ನಮ್ಮ ನಾಡಿನ ಕಾಡುಹಕ್ಕಿಗಳ ವ್ಯಾಪಾರವನ್ನು ನಿಲ್ಲಿಸಿದವು. ಗಿಳಿ, ಮೈನಾ, ಮುನಿಯಾ ಎಲ್ಲವೂ ಇದರೊಳಗೆ ಬಂದವು. ಹಕ್ಕಿಗೆ ಬಾನಿನಲ್ಲಿ ಹಾರುವ ಹಕ್ಕಿದೆಯೆಂದು ದೆಹಲಿ ಹೈಕೋರ್ಟು 2015ರಲ್ಲಿ ಹೇಳಿತು.

ಈ ಬಿಡುಗಡೆಯ ಬೆಲೆ ಕೊಟ್ಟವರು ಯಾರೆಂಬುದನ್ನೂ ಹೇಳದೆ ಚರಿತ್ರೆ ಪೂರ್ತಿಯಾಗದು. ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ ಹೆಸರಿನಲ್ಲೇ ಹಕ್ಕಿ ಇದೆ. ಮನೆಯೊಳಗೆ ಗುಜರಾತಿಯ ನಂಟಿನ ವಾಗ್ರಿ, ಹೊರಗೆ ಕನ್ನಡ. ಮನೆಗೊಂದು ಬೀದಿಗೊಂದು ಭಾಷೆ ಇಟ್ಟುಕೊಂಡ ನಮಗೆ ಅವರ ಸ್ಥಿತಿ ಅರ್ಥವಾಗದ್ದೇನಲ್ಲ. ಪೇಟೆಯವರ ಪಂಜರಕ್ಕೆ ಹಕ್ಕಿ ಹಿಡಿದುಕೊಟ್ಟವರಲ್ಲಿ ಅವರೂ ಇದ್ದರು. ಕಾನೂನು ಬಂದಾಗ ಪಂಜರ ಕೊಂಡವರಿಗೆ ಹೆಚ್ಚೇನೂ ಆಗಲಿಲ್ಲ, ಬಲೆ ಹಿಡಿದವರ ಬದುಕು ಹೋಯಿತು. ಹುಣಸೂರು ತಾಲ್ಲೂಕಿನ ಅವರ ನೆಲೆಗೆ ಪಕ್ಷಿರಾಜಪುರ ಎಂಬ ಹೆಸರು ಉಳಿದಿದೆ, ಕಸುಬು ಉಳಿದಿಲ್ಲ. ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರುತ್ತ ಅವರಲ್ಲಿ ಹಲವರು ಆಫ್ರಿಕಾದವರೆಗೆ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನ ಯುದ್ಧದ ನಡುವೆ ಸಿಕ್ಕಿಕೊಂಡ ಕನ್ನಡಿಗರೆಂದು ಪತ್ರಿಕೆಗಳು ಬರೆದದ್ದು ಇವರ ಬಗ್ಗೆಯೇ. ನಾಗವರ್ಮನ ಕಥೆಯಲ್ಲಿ ಮರವೇರಿದ ಬೇಡ ಕ್ರೂರಿಯಾಗಿ ಕಾಣುತ್ತಾನೆ. ಹಕ್ಕಿಯನ್ನು ಕೊಳ್ಳುವವನು ಆ ಮರದ ಬುಡದವರೆಗೂ ಬರುವುದಿಲ್ಲ, ಆದ್ದರಿಂದ ಯಾವ ಕಥೆಯಲ್ಲಿಯೂ ಅವನು ಕ್ರೂರಿಯಾಗುವುದಿಲ್ಲ.

ದೇಶದ ಹಕ್ಕಿಗೆ ತಡೆ ಬಂದಮೇಲೆ ಪಂಜರಗಳಿಗೆ ಪರದೇಶದ ಹಕ್ಕಿಗಳು ಬಂದವು. ಇಂದು ಮಕ್ಕಳ ಹುಟ್ಟುಹಬ್ಬಕ್ಕೆ ಜೋಡಿಯಾಗಿ ಕೊಳ್ಳುವ, ಲವ್ ಬರ್ಡ್ಸ್ ಎಂದು ತಪ್ಪಾಗಿ ಕರೆಯುವ ಬಜರಿಗರ್ ಆಸ್ಟ್ರೇಲಿಯಾದ್ದು. ಪಕ್ಷಿಶಾಸ್ತ್ರಜ್ಞ ಜಾನ್ ಗೂಲ್ಡ್ 1840ರಲ್ಲಿ ಅದನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ. ಅಂದಿನಿಂದ ಪಂಜರದಲ್ಲೇ ಸಂತಾನ ಬೆಳೆದು ಬಂದ ಹಕ್ಕಿಯದು. ಅದನ್ನು ಸಾಕುವುದು ಅಪರಾಧವಲ್ಲ, ಹೊರಗೆ ಬಿಟ್ಟರೆ ಅದು ಬದುಕುವುದೂ ಇಲ್ಲ. ಹಾಗಾಗಿ ಹೊಣೆ ಇನ್ನೂ ಹೆಚ್ಚು. ಬರಿಯ ಕಾಳಿನ ಮೇಲೆ ಅದು ಬಾಳದು, ಸೊಪ್ಪು ಬೇಕು. ಒಂಟಿತನ ತಡೆಯದು. ರಾತ್ರಿ ಹತ್ತು ಹನ್ನೆರಡು ಗಂಟೆ ಕತ್ತಲೆ ಮತ್ತು ನಿಶ್ಶಬ್ದ ಬೇಕು, ಟಿವಿಯ ಪಕ್ಕ ಅದರ ಜಾಗವಲ್ಲ. ಒಲೆಯ ಮೇಲೆ ಕಾದು ಹೊಗೆಯಾಡುವ ನಾನ್‌ಸ್ಟಿಕ್ ಬಾಣಲೆಯ ಆವಿ ನಮಗೆ ತಿಳಿಯುವ ಮುನ್ನವೇ ಅದನ್ನು ಕೊಲ್ಲುತ್ತದೆ. ಹಕ್ಕಿ ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ. ಗರಿ ಉಬ್ಬಿಸಿ ಪಂಜರದ ತಳದಲ್ಲಿ ಕುಳಿತಿತೆಂದರೆ ಆಗಲೇ ತಡವಾಗಿದೆ ಎಂದರ್ಥ. ಬೆಕ್ಕಿನ ಹಲ್ಲು ತಾಕಿದ ಹಕ್ಕಿ ಮೇಲೆ ಗಾಯ ಕಾಣದಿದ್ದರೂ ಅಂದೇ ವೈದ್ಯರನ್ನು ಕಾಣಬೇಕು, ಆ ಬಾಯಿಯ ಸೂಕ್ಷ್ಮಜೀವಿಗಳು ಸಣ್ಣ ಹಕ್ಕಿಗೆ ಮಾರಕ. ಬೆಕ್ಕಿಗೆ ಜ್ವರವೆಂದು ನಮ್ಮ ಪ್ಯಾರಾಸಿಟಮಾಲ್ ಮಾತ್ರೆಯ ಚೂರು ಕೊಡುವುದಂತೂ ವಿಷ ಕೊಟ್ಟಂತೆಯೇ. ಮರಿಗೆ ಲಸಿಕೆ ಹಾಕಿಸಬೇಕು, ರೇಬಿಸ್ ನಾಯಿಯೊಂದರದೇ ರೋಗವಲ್ಲ. ನಮ್ಮ ಅಜ್ಜಂದಿರಿಗೆ ಇಲ್ಲದಿದ್ದ ಅನುಕೂಲ ನಮಗಿದೆ. ಹಿಮಾಯತ್‌ನಗರದವರಿಗೆ ಪಕ್ಕದ ನಾರಾಯಣಗುಡದಲ್ಲೇ ಸರ್ಕಾರಿ ಪಶು ಆಸ್ಪತ್ರೆ ಇದೆ.

ಮಿಠ್ಠೂವನ್ನು ನಾವು ಹಕ್ಕಿಗಳನ್ನು ಬಲ್ಲ ವೈದ್ಯರೊಬ್ಬರಿಗೆ ತೋರಿಸಿದೆವು. ಕೊಕ್ಕು ಅತಿಯಾಗಿ ಬೆಳೆದಿತ್ತು. ಮೆಣಸಿನಕಾಯಿ, ಶೇಂಗಾ, ಅನ್ನದ ಮೇಲೆ ಕಳೆದ ವರ್ಷಗಳಿಂದ ದೇಹ ಕೊಬ್ಬಿತ್ತು, ಹಾರುವ ಎದೆಯ ಸ್ನಾಯು ಮಾತ್ರ ಸೊರಗಿತ್ತು. "ಪುಣ್ಯ ಅಂತ ಪಂಜರ ತೆಗೆದು ಬಿಟ್ಟೀರಿ ಮತ್ತೆ. ಎದುರಿನ ಮರ ಮುಟ್ಟೋದರೊಳಗೆ ಕಾಗೆ ಹಿಡಿಯುತ್ತೆ" ಎಂದರು. ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸರಿಯಾದ ದಾರಿ ಎಂದೂ ಹೇಳಿದರು. ಆ ದಾರಿ ನನಗೆ ಮೊದಲ ದಿನವೇ ಗೊತ್ತಿತ್ತು. ಆದರೂ ಹನ್ನೊಂದು ದಿನ ದೂರವಾಣಿ ಎತ್ತಲಿಲ್ಲ. ಕಾರಣವನ್ನು ಇಲ್ಲಿ ಬರೆಯಬೇಕು. ಆ ಕಟ್ಟಡದಲ್ಲಿ ಆಯಿಯ ಕನ್ನಡವನ್ನು ಉಳಿಸಿಕೊಂಡಿದ್ದ ಕೊನೆಯ ಜೀವ ಅದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೊರನಾಡಿನಲ್ಲಿ ಭಾಷೆಯ ಹಸಿವು ಎಂಥದೆಂದು ಈ ಲೇಖನ ಓದುತ್ತಿರುವ ನಿಮಗೆ ಹೇಳಬೇಕಾಗಿಲ್ಲ. ಆದರೆ ಆ ಹಸಿವಿಗಾಗಿ ಒಂದು ಹಕ್ಕಿಯನ್ನು ಒಂದು ಮೊಳದ ತಂತಿಯೊಳಗೆ ಇಡುವ ನಾನು, ಮಂಡನಮಿಶ್ರನ ಬಾಗಿಲಲ್ಲಿ ಪಂಜರ ತೂಗುಹಾಕಿದವನಿಗಿಂತ ಬೇರೆಯೇನಾಗಿರಲಿಲ್ಲ.

ಕನ್ನಡದಲ್ಲಿ ‘ಸಾಕು’ ಎಂಬ ಮಾತಿಗೆ ಎರಡು ಅರ್ಥ. ಸಲಹು ಎಂಬುದು ಒಂದು, ಇಷ್ಟಾದರೆ ತೀರಿತು ಎಂಬುದು ಇನ್ನೊಂದು. ಯಾರಿಗೆ ಸಾಕಾದರೆ ಸಾಕಿದಂತೆ ಎಂಬ ಪ್ರಶ್ನೆಯನ್ನು ಇಷ್ಟು ಶತಮಾನ ನಾವು ನಮ್ಮನ್ನೇ ಕೇಳಿಕೊಂಡು, ನಮಗೆ ಸಾಕು ಎಂದೇ ಉತ್ತರಿಸಿದ್ದೇವೆ. ಗಿಳಿ ಮಾತನಾಡಿದರೆ ಸಾಕು, ಬೆಕ್ಕು ಇಲಿ ಹಿಡಿದರೆ ಸಾಕು.

ಹನ್ನೆರಡನೆಯ ದಿನ ಇಲಾಖೆಯ ಇಬ್ಬರು ಬಂದರು. ನನ್ನಿಂದ ಹೇಳಿಕೆ ಬರೆಸಿಕೊಂಡು, ಪಂಜರಕ್ಕೆ ಬಟ್ಟೆ ಹೊದಿಸಿದರು. ಮೆಟ್ಟಿಲಿಳಿಯುವಾಗ ಬಟ್ಟೆಯೊಳಗಿಂದ ಮಿಠ್ಠೂ "ಯಾರ ಬಂದಾರ ನೋಡವ್ವಾ" ಎಂದಿತು. ಅವರಲ್ಲಿ ಕಿರಿಯನಾದವನು ನಿಂತು, "ಏಮಂಟೋಂದಿ ಸಾರ್?" ಎಂದು ಕೇಳಿದ. ತೆಲುಗಿನಲ್ಲಿ ಅರ್ಥ ಹೇಳಿದೆ. ಅವನು ನಕ್ಕು, ಬಟ್ಟೆಯ ಅಂಚನ್ನು ಸ್ವಲ್ಪ ಸರಿಸಿ, "ಮೇಮೇ ವಚ್ಚಾಮಮ್ಮಾ" ಎಂದ. ನಾವೇ ಬಂದಿದ್ದೇವೆ ಎಂದರ್ಥ. ಅಮ್ಮ ಒಳಗೆ ಹೋದರು.

ಬೂದು ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದೇವೆ. ಎರಡು ಮರಿಗಳಿಗೆ ಮನೆ ಸಿಕ್ಕಿದೆ, ಮೂರನೆಯದು ನಮ್ಮ ಹೊಸ್ತಿಲಲ್ಲೇ ಇದೆ. ಬಾಲ್ಕನಿಯ ಕೊಕ್ಕೆ ಖಾಲಿ. ಸಂಜೆ ಆರರ ಹೊತ್ತಿಗೆ ಹಿಮಾಯತ್‌ನಗರದ ಛಾವಣಿಗಳ ಮೇಲೆ ಕಾಡುಗಿಳಿಗಳ ಹಿಂಡು ಕಿರುಚುತ್ತ ಮರಗಳಿಗೆ ಮರಳುತ್ತದೆ. ಅವು ಆಡುವ ಮಾತು ಕನ್ನಡವಲ್ಲ. ಅಮ್ಮ ದಿನವೂ ಆ ಹೊತ್ತಿಗೆ ಬಾಲ್ಕನಿಯಲ್ಲಿ ನಿಂತು ಕೇಳುತ್ತಾರೆ.